ದೀಪ ದೊಡ್ಡದು ಮಾಡು

೫ ಫೆಬ್ರುವರಿ ೨೦೦೭, ಸೋಮವಾರ

ಹತ್ತಕ್ಕೆ ಮ್ಯೂಸಿಯಂ ಬಾಗಿಲು ತೆಗೆದೆ. ಕಸ, ಧೂಳು, ಪಾರಿವಾಳದ ಹಿಕ್ಕೆ — ದಿನದ ಪಾಡು. ರಾಣೆಬೆನ್ನೂರಿನಿಂದ ಶಾಲೆ ಮಕ್ಕಳು, ನಲವತ್ತು. ಗೋಡೆಗೆ ತೂಗಿದ ಹಳೇ ಕೌದಿ ಹೊದಿಕೆ ಮುಟ್ಟಬೇಡಿ ಎಂದು ಗಂಟಲು ಹರಿದುಕೊಂಡೆ. ಹೊಸ ಸಹಾಯಕಿ ಮಧು ಮಾತ್ರ ನಗುನಗುತ್ತ ಎಲ್ಲ ತೋರಿಸಿದಳು. ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಬೆಳೆದವಳು. ಒರಳು ಯಾವುದು, ಬೀಸುಕಲ್ಲು ಯಾವುದು ಎಂದು ಹೋದ ತಿಂಗಳು ನಾನೇ ಹೇಳಿಕೊಟ್ಟದ್ದು. ಚುರುಕು. ಹೊಗಳಿದರೆ ತಲೆಗೇರೀತು ಎಂದು ಸುಮ್ಮನಿದ್ದೇನೆ.

ಗುತ್ತಲದ ಸೋಮವ್ವ ಮನೆತನದ ತೂಗುದೀಪ ಕೊಟ್ಟು ಹೋದಳು. "ಗೋದೂಬಾಯಾರ, ಸಂಜಿಕ ಒಂದೀಟು ಹಚ್ಚರಿ. ಮೂರು ತಲಿಮಾರು ಉರದೈತಿ ಅದು." ಒಪ್ಪಿದೆ. ಕೌದಿ ಕೋಣೆಯಲ್ಲೇ ತೂಗುಹಾಕಿಸಿದೆ. ಬೇರೆಲ್ಲೂ ಕೊಂಡಿ ಇರಲಿಲ್ಲ.

೮ ಫೆಬ್ರುವರಿ, ಗುರುವಾರ

ಮ್ಯೂಸಿಯಂ ನಡೆಸುವ ಟ್ರಸ್ಟಿನ ಪ್ರವಾಸಿ ಕೈಪಿಡಿಗಾಗಿ ಬ್ಯಾಡಗಿ, ಮೋಟೆಬೆನ್ನೂರು ಸುತ್ತಿದೆ. ಮಠ, ದರ್ಗಾ, ಹುತಾತ್ಮರ ಸ್ಮಾರಕ. ದರ್ಗಾದ ಹತ್ತಿರ ಬಿಸ್ಮಿಲ್ಲಾಬಿ ಎಂಬಾಕೆ ಕರೆದು ಚಹಾ ಕೊಟ್ಟಳು. ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಸಾಕಾಯಿತು. ಬಸ್ಸೂ ತಡ. ಐದೂವರೆಗೆ ಬಸ್ಸಿನಿಂದಲೇ ಮಧುವಿಗೆ ಫೋನ್.

"ದೀಪ ದೊಡ್ಡದು ಮಾಡಿ ಬಾಗಿಲಾ ಹಾಕವಾ."

"ಎಷ್ಟು ದೊಡ್ಡದು ಮೇಡಂ?"

"ಪೂರ್ತಿ! ಅದನ್ನೂ ಕೇಳಬೇಕೇನ?"

ಸಿಟ್ಟು ಬಂದು ಕಟ್ ಮಾಡಿದೆ.

ಹಾವೇರಿಯಲ್ಲಿ ಇಳಿದಾಗ ಜನ ನಮ್ಮ ಮ್ಯೂಸಿಯಂ ಕಡೆಗೇ ಓಡುತ್ತಿದ್ದರು. ಹೊಗೆ. ಮಧುವನ್ನು ಆಗಲೇ ಹುಬ್ಬಳ್ಳಿಗೆ ಒಯ್ದಿದ್ದರು. ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತೇನೆ.

೯ ಫೆಬ್ರುವರಿ, ಶುಕ್ರವಾರ. ಹುಬ್ಬಳ್ಳಿ, ಆಸ್ಪತ್ರೆ

ಅವಳ ತಾಯಿ ಇನ್ನೂ ಬಂದಿರಲಿಲ್ಲ. ನಾನೊಬ್ಬಳೇ ಒಳಗೆ ಹೋದೆ. ಮುಖ ಗುರುತು ಸಿಗಲಿಲ್ಲ. ದನಿ ಮಾತ್ರ ಅವಳದೇ.

"ನೀವು ಹೇಳಿದ ಹಾಗೇ ಮಾಡ್ದೆ ಮೇಡಂ. ದಪ್ಪ ಬತ್ತಿ ಹಾಕ್ದೆ, ಎಣ್ಣೆ ತುಂಬಿಸ್ದೆ... ಕೌದಿಗೆ ಹತ್ಕೊಂಡ್ಬಿಡ್ತು. ನಾಲ್ಕು ಎಳೆದು ಹೊರಗೆ ಹಾಕ್ದೆ. ಉಳಿದವಾ?"

ಉಳಿದಿವೆ ಎಂದೆ. ಹೊರಗೆ ಎಳೆದವೂ ಸೇರಿ ಒಂದೂ ಉಳಿದಿಲ್ಲ.

ಅಯ್ಯೋ ದೇವರೇ. ದೀಪ ಆರಿಸು ಎಂದು ನಮ್ಮಲ್ಲಿ ಯಾರಾದರೂ ಬಾಯಿಬಿಟ್ಟು ಅನ್ನುತ್ತಾರೆಯೇ? ಅಪಶಕುನ. ದೊಡ್ಡದು ಮಾಡು ಎಂದರೆ ಆರಿಸು ಅಂತಲೇ. ಬಳೆ ಒಡೆದರೆ ಹೆಚ್ಚಾದವು ಅನ್ನುವುದಿಲ್ಲವೇ, ಹಾಗೆ. ಈ ಹುಡುಗಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಕೇಳಿದಳು. ನಾನು ರೇಗಿದೆ.

೧೩ ಫೆಬ್ರುವರಿ

ಮಧು ಹೋದಳು. ಬೆಳಗಿನ ಏಳಕ್ಕೆ.

೨೬ ಫೆಬ್ರುವರಿ, ಸೋಮವಾರ

ಟ್ರಸ್ಟಿನ ಅಧ್ಯಕ್ಷ ವಿಜಯಮಹಾಂತೇಶ ಮನೆಗೇ ಬಂದರು. ಕೈಯಲ್ಲಿ ಬೆಂಕಿಯ ಬಗ್ಗೆ ಟೈಪ್ ಮಾಡಿದ ವರದಿ.

"ದೀಪ ಆರಿಸಂತ ನೀವು ಹೇಳಿದ್ರಿ, ಆಕಿ ಕೇಳಲಿಲ್ಲ. ಇಷ್ಟ ಐತಿ, ಸಹಿ ಮಾಡ್ರಿ."

"ಆಕಿ ಕೇಳಿದ್ಲರಿ. ನಾನು ದೊಡ್ಡದು ಮಾಡು ಅಂದೆ, ಅದನ್ನ ಮಾಡಿದ್ಲು."

"ದೊಡ್ಡದು ಮಾಡು ಅಂದ್ರ ಏನ್ರಿ ಅರ್ಥ? ಆರಿಸಂತನ ಹೌದಿಲ್ಲೋ? ಮತ್ತ ಸುಳ್ಳೆಲ್ಲಿ ಬಂತು? ಸಹಿ ಮಾಡಲಿಲ್ಲಂದ್ರ ನಿಮ್ಮ ಮ್ಯಾಲ ಕೇಸ್ ಆಕ್ಕೈತಿ ನೋಡ್ರಿ. ಈ ವಯಸ್ಸಿನಾಗ ಬೇಕೇನ?"

ಮಾಡಿದೆ. ಥೂ ನನ್ನ ಜನ್ಮಕ್ಕೆ.

೯ ಮಾರ್ಚ್, ಶುಕ್ರವಾರ

ಮಧ್ಯಾಹ್ನ ಮಧುವಿನ ತಾಯಿ ಬಂದಿದ್ದರು. ಮಗಳ ರೂಮು ಖಾಲಿ ಮಾಡಿಕೊಂಡು, ಎರಡು ಬ್ಯಾಗು ಹಿಡಿದು. ಕೂಡ್ರಿ ಎಂದರೂ ಕೂಡ್ರಲಿಲ್ಲ.

"ಆಫೀಸಲ್ಲಿ ವರದಿ ಓದಿದೆ ಮೇಡಂ. ಚಿಕ್ಕವಳಿಂದ್ಲೂ ಹಾಗೇ, ಹೇಳಿದ್ದು ಕಿವಿಗೇ ಹಾಕ್ಕೊಳ್ತಿರ್ಲಿಲ್ಲ. ನೀವು ಇಷ್ಟು ವರ್ಷ ಕೂಡಿಟ್ಟಿದ್ದನ್ನೆಲ್ಲ ಸುಟ್ಟುಬಿಟ್ಲು. ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಕಾಲಿಗೆ ಬಗ್ಗಿದರು. ತೋಳು ಹಿಡಿದು ಎಬ್ಬಿಸಿದೆ. ಹೇಳಬೇಕು ಎಂದೇ ಬಾಯಿ ತೆರೆದೆ, ಆಣೆ ಮಾಡಿ ಹೇಳುತ್ತೇನೆ. ಬಂದ ಮಾತು ಬೇರೆ.

"ಇರಲಿ ಬಿಡ್ರಿ. ಸಣ್ಣ ಹುಡುಗಿ, ತಿಳೀಲಿಲ್ಲ."

ಅವರಿಗೆ ಸಮಾಧಾನವಾಯಿತು. ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು, ನಿಮ್ಮದು ದೊಡ್ಡ ಮನಸ್ಸು ಎಂದರು. ಕ್ಷಮಿಸಿಬಿಟ್ಟೆ. ನಾನು, ಅವಳನ್ನು—