ಸಂಜೆಯ ಗಾಳಿ ಯಾವ ಕಡೆಗೆ

ಮಾರ್ಚ್ ೧೪, ಗುರುವಾರ

ಬಟ್ಟೆ ಒಗೆಯುವ ಅಜ್ಜಿ ಇವತ್ತು ನನ್ನ ತಲೆಗೆ ಹುಳ ಬಿಟ್ಟುಬಿಟ್ಟರು. ಕಸ ಸುರಿಯುವ ಜಾಗಕ್ಕೆ ಜನರ ಒಪ್ಪಿಗೆ ಕೇಳುವ ಸಭೆ. ನಡಾವಳಿ ಬರೆಯುವವನು ನಾನು.

"ಸಂಜೆ ಗಾಳಿ ಯಾವ ಕಡೆ ಬೀಸುತ್ತೆ ಸ್ವಾಮಿ?" ಎಂದರು ಅಜ್ಜಿ.

ಎಂಜಿನಿಯರ್ ನಕ್ಷೆಯ ಬಾಣ ತೋರಿಸಿದರು. "ಊರಿಂದ ಆಚೆಗೆ, ಅಜ್ಜಿ."

"ಅಳೆದಿದ್ದು ಎಷ್ಟೊತ್ತಿಗೆ?"

"ಹತ್ತರಿಂದ ಐದು. ಆಫೀಸ್ ಟೈಮಲ್ಲಿ."

"ಗಾಳಿಗೂ ಆಫೀಸಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಬರೆದುಕೊಳ್ಳಲಿಲ್ಲ.

ಏಳು ಗಂಟೆಗೆ ಮಹಡಿ ಹತ್ತಿ ತಂತಿಯ ಮೇಲೆ ತೆಳು ಟವೆಲ್ ಹರವಿದೆ. ಗಾಳಿಗೆ ಅದು ಕಸದ ಜಾಗದ ಕಡೆಯಿಂದ ನೇರವಾಗಿ ಊರಿನತ್ತ ಹಾರಾಡಿತು.

"ಈ ಹೊತ್ತಲ್ಲಿ ಯಾರ್ರೀ ಬಟ್ಟೆ ಒಣಗಿಸ್ತಾರೆ?" ಎಂದಳು ಹೆಂಡತಿ.

ಒಂಬತ್ತಕ್ಕೂ ನೋಡಿದೆ, ಅದೇ ದಿಕ್ಕು.

ನಡಾವಳಿಯ ಕೊನೆಯ ಸಾಲು, ‘ಪ್ರಶ್ನೆಗಳೇನೂ ಬರಲಿಲ್ಲ’. ಈಗಷ್ಟೇ ಹೊಡೆದುಹಾಕಿದೆ. ನಾವು ನಗದೇ ಇದ್ದಿದ್ದರೆ ಅಜ್ಜಿ ಇನ್ನೂ ಏನೇನು ಕೇಳುತ್ತಿದ್ದರೋ…