ಡಬ್ಬಿಯಲ್ಲೇ ಉಳಿದ ‘ಬಾ ಅಕ್ಕಾ’

ನನ್ನ ಅಕ್ಕನಿಗೆ,

ಆಳಂದದ ನಿಮ್ಮ ಹೊಲದಲ್ಲಿ ನಿನ್ನ ಮಣ್ಣಾದ ದಿನ ನಿನ್ನ ಮಗಳು ಸುನಂದಾಳ ಹೆಗಲ ಮೇಲೆ ಕೈ ಇಟ್ಟೆ. ಕೊಸರಿಕೊಂಡಳು. “ಈಗ್ಯಾಕ ಬಂದೀ ಚಿಗವ್ವಾ? ಕೇಳಿದಾಗ ಬಾಯಿ ಬರ್ಲಿಲ್ಲ ನಿನಗ” ಅಂದಳು. ದುಃಖದಲ್ಲಿ ಏನೋ ಅಂದಳು ಎಂದುಕೊಂಡೆ. ಕಾರಣ ನಿನ್ನೆ ತಿಳಿಯಿತು. ಹೇಗೆ ಹೇಳಲಿ...

ನೆನಪಿದೆಯಾ, ಪುಣೆಯಿಂದ ನೀನು ಸುನಂದಾಳ ಕೈಲಿ ಇ-ಮೇಲ್ ಬರೆಸಿದ್ದೆ? ಇಂಗ್ಲಿಷ್ ಅಕ್ಷರ, ನಮ್ಮ ಮಾತು. “ಡಾಕ್ಟರ್ ಕೈ ಚೆಲ್ಲ್ಯಾರ. ಉಳದ ದಿನ ನಿನ್ನ ಹಂತೇಕ ಇರ್ತೇನಿ. ಬರ್ಲೇನು?” ಫೋನಿನಲ್ಲಿ ಕೇಳಿದರೆ ಅಳು ಬರುತ್ತದೆಂದು ಬರೆಸಿದೆಯಲ್ಲವೇ? ಇಲ್ಲಿ ಅಫಜಲಪುರದ ಟೈಪಿಂಗ್ ಕ್ಲಾಸಿಗೆ ಹೋಗಿ, ಅದು ಬಂದಿದ್ದ ಶಾಂತಾಬಾಯಿ ಟೀಚರ ಕಂಪ್ಯೂಟರಿನಲ್ಲೇ ಒಂದೊಂದೇ ಅಕ್ಷರ ಹುಡುಕಿ ನಾನೇ ಕುಟ್ಟಿದೆ: “ಬಾ ಅಕ್ಕಾ. ನಾಳೇನೇ ಬಾ.”

ಅವತ್ತು ಇ-ಮೇಲ್ ಹೋಗಬೇಕಾದ ಫೋನಿನ ಲೈನು ಸತ್ತಿತ್ತು. ಕಳಿಸುವ ಗುಂಡಿ ಒತ್ತಿದೆ. ಕಾಗದ ‘ಔಟ್‌ಬಾಕ್ಸ್’ ಎಂಬಲ್ಲಿ ಹೋಗಿ ಕೂತಿತು. ಔಟ್ ಅಂದರೆ ಹೊರಗೆ, ಬಾಕ್ಸ್ ಅಂದರೆ ಡಬ್ಬಿ. ಬಸ್ ಸ್ಟ್ಯಾಂಡಿನ ಕೆಂಪು ಅಂಚೆ ಡಬ್ಬಿಯ ಹಾಗೇ, ಬಿತ್ತೆಂದರೆ ಹೋಯಿತೆಂದೇ ತಿಳಿದೆ. “ಲೈನ್ ಬಂದಕೂಡ್ಲೇ ತಾನಾಗೇ ಹೋಗ್ತದ, ನಡೀರಿ” ಅಂದರು ಟೀಚರು. ಏಳುವ ಮೊದಲು ಅದನ್ನು ತೆರೆದು ಇನ್ನೊಮ್ಮೆ ಓದಿ ಮುಚ್ಚಿದೆ. ಎರಡು ಸಲ ಓದದೆ ಕಾಗದ ಬಿಡಬಾರದೆಂದು ಕಲಿಸಿದವಳು ನೀನೇ ಅಲ್ಲವೇ?

ಬೀದಿ ಕಡೆಯ ಕೋಣೆಗೆ ಸುಣ್ಣ ಹೊಡೆಸಿದೆ. ಮಂಚವನ್ನು ಕಿಟಕಿಯ ಬಳಿಗೆ ಸರಿಸಿದೆ. ಡಾಕ್ಟರು ನಿನ್ನನ್ನು ಆಸ್ಪತ್ರೆಯಿಂದ ಬಿಡಬೇಕಲ್ಲ, ಅವಸರ ಮಾಡಬಾರದೆಂದು ಫೋನು ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅಕ್ಕಾ ನಾನು? ಹತ್ತನೆಯ ದಿನ ಫೋನು ಪುಣೆಯಿಂದಲೇ ಬಂತು. ನೀನಿರಲಿಲ್ಲ.

ನಿನ್ನೆ ಟೀಚರು ಕಂಪ್ಯೂಟರ್ ಹಸನು ಮಾಡುತ್ತಿದ್ದವರು ಹೇಳಿಕಳಿಸಿದರು. ಹೋದೆ. “ಅಕ್ಕಾರೆ, ನಿಮ್ಮ ಕಾಗದ ಇನ್ನಾ ಇಲ್ಲೇ ಅದಲ್ರೀ! ನಡುವ ತೆರದು ನೋಡಿದ್ರೇನು?” ಹೌದಂದೆ. ಹಾಗೆ ತೆರೆದರೆ, ಇನ್ನೂ ಬರೆಯುತ್ತಿದ್ದಾರೆಂದು ತಿಳಿದು ಕಂಪ್ಯೂಟರು ಕಳಿಸುವುದನ್ನೇ ಬಿಡುತ್ತದಂತೆ.

ಅಷ್ಟಕ್ಕೇ ಮುಗಿಯಲಿಲ್ಲ. ಬೇಡದ ಜಾಹೀರಾತುಗಳು ತಾವಾಗಿಯೇ ಹೋಗಿ ಬೀಳಲೆಂದು ಟೀಚರು ‘ರದ್ದಿ’ ಅಂತ ಬೇರೆ ಡಬ್ಬಿ ಮಾಡಿದ್ದರು. ಬೊಕ್ಕತಲೆಯ ಎಣ್ಣೆ, ಲಾಟರಿ... ಅವುಗಳ ನಡುವೆ ನಿನ್ನ ಎರಡನೆಯ ಕಾಗದ! ಸುನಂದಾ ಅದರ ತಲೆಬರಹದಲ್ಲಿ ‘ಅರ್ಜೆಂಟ್’ ಎಂದು ಬರೆದು ಸಾಲಾಗಿ ಉದ್ಗಾರ ಚಿಹ್ನೆ ಹಾಕಿದ್ದಕ್ಕೆ ಅದೂ ಜಾಹೀರಾತೆಂದು ಅಲ್ಲಿ ಬಿದ್ದಿತ್ತು. “ತಂಗೀ, ಸಿಟ್ಟಾಗಿಯೇನು? ಬ್ಯಾಡಂದ್ರ ಬ್ಯಾಡ ಅನ್ನು. ಸುಮ್ಮ ಇರಬ್ಯಾಡ.”

ಚಿಕ್ಕವರಿದ್ದಾಗ, ಗಡಿಯ ಹಿರೋಳ್ಳಿಯಲ್ಲಿ, ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ರದ್ದಿ ಪೇಪರನ್ನು ನೀನು ಬಿಡಿಸಿ, ಅರ್ಧ ಕನ್ನಡ ಅರ್ಧ ಮರಾಠಿ, ನನಗೆ ಅಕ್ಷರ ತೋರಿಸುತ್ತಿದ್ದೆ. “ರದ್ದೀನೂ ಓದಿ ಒಲಿಗಿ ಹಾಕಬೇಕ ಬೇ” ಅನ್ನುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತದ ನಾನು ರದ್ದಿಯಿಂದಲೇ ಓದು ಕಲಿತೆ. ನೀನು ಬಿದ್ದಿದ್ದ ರದ್ದಿಯನ್ನು ಮಾತ್ರ ನೋಡಲಿಲ್ಲ.

“ಈ ಕಾಗದ ಏನ್ ಮಾಡ್ಲ್ರಿ? ಕಳಸ್ಲೋ, ಅಳಸ್ಲೋ?” ಟೀಚರು ಕೇಳಿದರು.

“ಕಳಸ್ರಿ. ಸುನಂದಾ ತೆರೀತಾಳ.”

ನನ್ನ ಕಣ್ಣೆದುರೇ ಹೋಯಿತು ಅಕ್ಕಾ. ಈ ಸಲ ತೆರೆದು ಓದಲಿಲ್ಲ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ, ಅವಳ ಉತ್ತರ ಇಲ್ಲ. ನಾಳೆಯೂ ಹೋಗುತ್ತೇನೆ. ಮೊದಲು ರದ್ದಿಯನ್ನೇ ತೆರೆಯುತ್ತೇನೆ.

ನಿನ್ನ ತಂಗಿ