ಬೆಂಚಿನ ಕೆಳಗೆ ಸ್ವಲ್ಪ ಕೆಲಸ

ಅಕ್ಕಾ,

ನೀನು ಕೊಟ್ಟ ಮುಲಾಮಿನಿಂದ ಮಂಡಿ ಈಗ ಬಗ್ಗುತ್ತಿದೆ. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಫೋನಿನ ನಕ್ಷೆ ನೋಡಿ ಹುಡುಕುವ ಆಟದ ನನ್ನ ಹುಚ್ಚು ಈ ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ಹುಡುಕುವುದು ಬೇರೆಯವರ ಕಣ್ಣಿಗೆ ಬೀಳಬಾರದು ಅನ್ನೋದು ಆಟದ ನಿಯಮ, ಅದೇ ಫಜೀತಿ. ಇವತ್ತು ಪಾರ್ಕಿನ ಕೊಳದ ಪಕ್ಕ, ಕೆಳಗೆ ಡಬ್ಬಿಯಿದೆ ಎಂದು ನಕ್ಷೆ ತೋರಿಸಿದ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಅವರು ಎದ್ದು ಹೋಗಲಿ ಎಂದು ನಾನೂ ಪಕ್ಕದಲ್ಲಿ ಕೂತು ಮುಕ್ಕಾಲು ಗಂಟೆ ಬಾತುಕೋಳಿ ನೋಡಿದೆ. ಜಪ್ಪಯ್ಯ ಅಂದರೂ ಅಜ್ಜಿ ಏಳಲಿಲ್ಲ.

ಕೊನೆಗೆ ಅವರೇ, "ನೀವು ಯಾವಾಗ ಏಳ್ತೀರಾ? ನನಗೆ ಈ ಬೆಂಚಿನ ಕೆಳಗೆ ಸ್ವಲ್ಪ ಕೆಲಸ ಇದೆ" ಅಂದರು.

"ನನಗೂ ಅಲ್ಲೇ ಕೆಲಸ" ಅಂದೆ.

ನಗುತ್ತಾ ಇಬ್ಬರೂ ಅದೇ ಡಬ್ಬಿಗಾಗಿ ಬಗ್ಗಿದೆವು. ದಾರಿಹೋಕನೊಬ್ಬ "ಏನು ಕಳ್ಕೊಂಡ್ರಿ?" ಅಂದ. "ಉಂಗುರ" ಎಂದು ಅಜ್ಜಿ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳಿದರು. ಪಾಪ, ಆ ಒಳ್ಳೆಯ ಮನುಷ್ಯ ಇನ್ನೂ ಹುಲ್ಲು ಜಾಲಾಡುತ್ತಿದ್ದಾನೆ. ಅವನು ಹೋಗಲಿ ಎಂದು ನಾವಿಬ್ಬರೂ ಮತ್ತೆ ಬೆಂಚಿನ ಮೇಲೆ ಕೂತಿದ್ದೇವೆ.

ನಿನ್ನ ತಮ್ಮ